ಮನಿಲಾ ಹಗ್ಗ ತಲುಪಿತು

ಮಂಗಳೂರು, ಮೇ ೧೯೫೮

ಪ್ರೀತಿಯ ತಮ್ಮ ರೇಮಂಡ್,

ನೀನು ಬೊಂಬಾಯಿಯಿಂದ ಕಳಿಸಿದ ಮನಿಲಾ ಹಗ್ಗ, ನಮ್ಮ ಮಗ ಝೇವಿಯರನನ್ನು ಮಣ್ಣು ಮಾಡುವ ದಿನ ಬೆಳಿಗ್ಗೆ ತಲುಪಿತು. ಬಿಕರ್ನಕಟ್ಟೆಯ ಒಂದು ಮನೆಯವರ ಮಾವಿನ ಕೊಂಬೆ ಕಡಿಯುವಾಗ ಅವನ ಸೊಂಟದ ನಾರಿನ ಹಗ್ಗ ತುಂಡಾಯಿತು. ಶವಪೆಟ್ಟಿಗೆ ಇಳಿಸುವ ಇಗರ್ಜಿಯ ಹಗ್ಗವೂ ಸವೆದಿತ್ತು. ಪೆಟ್ಟಿಗೆಯನ್ನು ನಿನ್ನ ಹಗ್ಗದಲ್ಲೇ ಗುಂಡಿಗೆ ಇಳಿಸಿದೆವು. ಜಾರಲಿಲ್ಲ. ಒಳ್ಳೆಯ ಮಾಲು.

ಆ ಕೊಂಬೆ ಇನ್ನೂ ಅವರ ಹೆಂಚಿನ ಮೇಲೆ ವಾಲಿಕೊಂಡು ಉಂಟು. ಒಪ್ಪಿಕೊಂಡ ಕೆಲಸ, ನಾನೇ ಹತ್ತಬೇಕು. ಈ ಹಗ್ಗ ಕಟ್ಟಿಕೊಳ್ಳಲು ಕೈ ಬರುವುದಿಲ್ಲ ಎಂದೆ. ನಿನ್ನ ಅತ್ತಿಗೆ ಮಟಿಲ್ಡಾ ಅದರ ಮಣ್ಣು ತೊಳೆದು ಬಿಸಿಲಿಗೆ ಹಾಕಿದಳು. "ಅವನನ್ನು ಮೆಲ್ಲ ಇಳಿಸಿತಲ್ಲ, ನಿಮ್ಮನ್ನೂ ಇಳಿಸ್ತದೆ, ಕಟ್ಟಿಕೊಳ್ಳಿ ಮಾರಾಯ್ರೇ" ಅಂದಳು.

ಇನ್ನು ಮೇಲೆ ಒಬ್ಬನಿಗೆ ಎರಡು ಹಗ್ಗ ಎಂದು ತೀರ್ಮಾನಿಸಿದ್ದೇನೆ. ಇಂಥದ್ದೇ ಇನ್ನೊಂದನ್ನು ಮಳೆಗೆ ಮೊದಲು ಕಳಿಸು. ಅದು ಬಂದ ಮೇಲೆಯೇ ಹತ್ತುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ನಿನ್ನ ಅಣ್ಣ,
ಇಸಿದೋರ್