ಹುಟ್ಟುವ ಮುಂಚಿನ ತಲೆ ಯಾರದು?

ಆಸ್ಪತ್ರೆಯ ಸ್ಕ್ಯಾನ್ ದಾಖಲೆಗಳನ್ನು ಕಾಪಾಡುತ್ತಿರುವ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನನ್ನ ಮಗಳ ಮೆದುಳಿನ ಚಿತ್ರ ನಿಮ್ಮ ಬಳಿ ಇದೆ. ಅದನ್ನು ಅವಳ ವೈದ್ಯರಿಗೆ ತೋರಿಸಲು ನೀವು ಒಪ್ಪುತ್ತಿಲ್ಲ. ಏಕೆಂದರೆ ನಿಮ್ಮ ಲೆಕ್ಕದಲ್ಲಿ ಅದು ಮೆದುಳಲ್ಲ, ನನ್ನ ಹೊಟ್ಟೆ.

ನಡೆದದ್ದಿಷ್ಟು. ಮಗು ಒಳಗಿದ್ದಾಗಲೇ ನನಗೆ ಎಂಆರ್‌ಐ ಮಾಡಿದಿರಿ. ಮಗುವಿನ ತಲೆಯೊಳಗೆ ಅಪರೂಪದ ಗಂಟೊಂದು ಕಂಡಿತು. ಹೆರಿಗೆಯಾದ ಮೇಲೆ ಅವಳಿಗೇ ಇನ್ನೊಂದು ಸ್ಕ್ಯಾನ್ ಆಯಿತು. ಗಂಟು ಅಲ್ಲೇ ಇದೆ. ಅದು ಬೆಳೆದಿದ್ದರೆ ಆಪರೇಷನ್ ಆಗಬೇಕು, ಇದ್ದಷ್ಟೇ ಇದ್ದರೆ ಮುಟ್ಟಬಾರದು. "ಹಳೇ ಚಿತ್ರ ಪಕ್ಕದಲ್ಲಿಟ್ಟು ನೋಡ್ದೆ ನಾನೇನೂ ಹೇಳೋಕಾಗಲ್ಲ ಕಣಮ್ಮ" ಎಂದರು ಮಕ್ಕಳ ಮೆದುಳಿನ ಡಾಕ್ಟರು. ಅವರು ಕೇಳಿದ್ದಕ್ಕೆ ನಿಮ್ಮ ಕಚೇರಿ ಕೊಟ್ಟ ಉತ್ತರ: "ಸದರಿ ರೋಗಿಯು ಆ ದಿನಾಂಕದಂದು ಹುಟ್ಟಿರಲಿಲ್ಲ. ಆದ್ದರಿಂದ ಚಿತ್ರಗಳಿರಲು ಸಾಧ್ಯವಿಲ್ಲ." ಆಹಾ, ಎಂಥ ತರ್ಕ! ನಿಮಗೊಂದು ದೊಡ್ಡ ನಮಸ್ಕಾರ.

ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನೇ ನಿಮ್ಮ ಕೌಂಟರಿಗೆ ಬಂದೆ. ಗಾಜಿನಾಚೆಯ ಗುಮಾಸ್ತರು ಕೆಟ್ಟವರಲ್ಲ, ಕೂರಲು ಕುರ್ಚಿ ಹಾಕಿಸಿದರು.

"ಅಮ್ಮಾ, ನಿಮ್ಮ ಹೆಸರಲ್ಲಿರೋದು ಹೊಟ್ಟೆ ಸ್ಕ್ಯಾನು. ಮಗು ಫೈಲಿಗೆ ದೊಡ್ಡವರ ಹೊಟ್ಟೆ ಸೇರ್ಸೋಕಾಗಲ್ಲ."

"ಅದ್ರೊಳಗೆ ಇವಳ ತಲೆ ಇದೆಯಲ್ಲಪ್ಪಾ!"

"ಇರ್ಬೋದು. ಆದ್ರೆ ಕಂಪ್ಯೂಟರಲ್ಲಿ ಹೊಟ್ಟೆ ಅಂತಾನೇ ಇದೆ."

"ಹಾಗಾದ್ರೆ ನನ್ನ ಹೊಟ್ಟೇನ ನನಗೇ ಕೊಡಿ."

"ಡಾಕ್ಟರಿಂದ ಡಾಕ್ಟರಿಗೇ ಹೋಗ್ಬೇಕಮ್ಮ. ಮಕ್ಕಳ ಡಾಕ್ಟರಿಗೆ ನೀವು ರೋಗಿ ಅಲ್ವಲ್ಲ?"

ನನ್ನ ಡಾಕ್ಟರಾದರೂ ಕಳಿಸಿಕೊಡಲಿ ಎಂದು ಹೆರಿಗೆ ವಿಭಾಗಕ್ಕೆ ಓಡಿದೆ. ಹೆರಿಗೆ ಆಗಿಹೋಗಿದೆ, ನಿಮ್ಮ ಫೈಲು ಮುಚ್ಚಿದೆ ಎಂದರು.

"ಅಲ್ಲಾ ಕಣೇ, ಒಳಗಿದ್ದಾಗ ಒಂದು ಮಗು, ಹೊರಗೆ ಬಂದ್ಮೇಲೆ ಇನ್ನೊಂದಾ?" ಎಂದು ನಮ್ಮತ್ತೆ ಕೇಳಿದಾಗ ಮೊದಲು ನಗು ಬಂತು, ಆಮೇಲೆ ಅಳು. ಮಾನ್ಯರೇ, ಹಾಲು ಕುಡಿಯುತ್ತಾ ಅವಳು ಕಣ್ಣು ಮೇಲೆ ಮಾಡಿದರೆ ಸಾಕು, ಜೀವ ಬಾಯಿಗೆ ಬರುತ್ತದೆ. ತಲೆ ಸವರಲೂ ಭಯ. ಯಾವ ಧೈರ್ಯದ ಮೇಲೆ ಅವಳನ್ನು ಆಪರೇಷನ್ನಿಗೆ ಕಳಿಸಲಿ? ಯಾವ ಧೈರ್ಯದ ಮೇಲೆ ಕಳಿಸದೆ ಇರಲಿ?

ನಿಯಮ ತಿದ್ದಿ ಎನ್ನುವಷ್ಟು ದೊಡ್ಡವಳು ನಾನಲ್ಲ. ನನ್ನ ಹೊಟ್ಟೆಯನ್ನು ಅವಳ ತಲೆಯ ಪಕ್ಕ ಒಂದೇ ಒಂದು ಸಲ ಇಟ್ಟು ನೋಡಲು ಡಾಕ್ಟರಿಗೆ ಬಿಡಿ. ಅವೆರಡೂ ಒಂದೇ ಕಡೆ ಇದ್ದವು, ಅದಕ್ಕೆ ನಾನೇ ಸಾಕ್ಷಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಬರೀ ಹೊಟ್ಟೆಯಾಗಿ ಉಳಿದಿರುವ
ಒಬ್ಬ ತಾಯಿ