ಮೂರನೆಯ ಭಾನುವಾರ

ದೊಡ್ಡಬಳ್ಳಾಪುರ
ಬುಧವಾರ, ೨೦-೨-೧೯೪೬

ನನ್ನ ಮೊಮ್ಮಗಳು ಕೃಪಾವತಿಗೆ ಅಜ್ಜಿಯ ಮುತ್ತುಗಳು.

ಕರ್ತನ ದಯೆಯಿಂದ ಇನ್ನೂ ಉಸಿರಾಡುತ್ತಿದ್ದೇನೆ. ನೀನೂ ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಾ ಸುಖವಾಗಿರುವೆ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಕನ್ನಡಕದ ಕಾಲು ಮುರಿದು ದಾರ ಕಟ್ಟಿಕೊಂಡಿರುವುದು ನಿಜ, ಆದರೆ ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ.

“ಬೈರಣ್ಣ ಒಳ್ಳೆಯವರೇ. ಆದರೆ ನನ್ನ ಪಕ್ಕದಲ್ಲಿ ಮೊಣಕಾಲೂರುವವರು ಬೇಕು ಅಜ್ಜಿ” ಎಂದು ಬರೆದಿದ್ದೆ. ಮೊಣಕಾಲೂರಿದರೆ ಮುದ್ದೆ ಬೇಯುತ್ತದೆಯೇ ಎಂದು ಗೊಣಗಿ, ಕಾಗದವನ್ನು ಬೈಬಲ್ಲಿನೊಳಗೆ ತುರುಕಿದೆ. ಬೈರಣ್ಣನದು ಇಲ್ಲೇ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ಬಿಚ್ಚುವ ಮನೆ, ಹುಡುಗನಿಗೆ ಬೀಡಿಯ ಚಟವೂ ಇಲ್ಲ. ತಾಯಿಯಿಲ್ಲದ ಹುಡುಗಿಗೆಂದು ನಿನ್ನ ಮಾವ ಜಯಶೀಲ ಹುಡುಕಿದ ಸಂಬಂಧ. ಮದುವೆಯ ಹಿಂದಿನ ದಿನ ದೀಕ್ಷಾಸ್ನಾನ ತೆಗೆದುಕೊಂಡು ನಮ್ಮ ಮತಕ್ಕೆ ಸೇರಲೂ ಹುಡುಗ ಒಪ್ಪಿದ್ದ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನ ಸಭೆಯಲ್ಲಿ ಗಂಡು ಹೆಣ್ಣಿನ ಹೆಸರು ಓದುತ್ತಾರಲ್ಲ, ಎರಡು ಭಾನುವಾರದ ಓದು ಮುಗಿದಿತ್ತು. ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೆ.

ಕಳೆದ ಶನಿವಾರ ಬೈರಣ್ಣ ಮನೆಗೆ ಬಂದ. ಕರ್ತನ ಪ್ರಾರ್ಥನೆ ಒಪ್ಪಿಸು ಎಂದ ಜಯಶೀಲ. ಹುಡುಗ ಕೈಕಟ್ಟಿ ನಿಂತು ಒಂದಕ್ಷರ ತಪ್ಪದೆ ಒಪ್ಪಿಸಿದ. ನಿನ್ನ ಮಾವನೇ ಎರಡು ಕಡೆ ತಪ್ಪುತ್ತಾನೆ.

“ಇದ್ರಾಗೆ ನೀನು ಕೇಳ್ಕೊಂಡಿದ್ದೇನಪ್ಪಾ?” ಎಂದೆ.

“ಕೇಳ್ಕೊಳೋದೇನಜ್ಜಿ? ಒಪ್ಸು ಅಂದ್ರು, ಒಪ್ಸಿದೆ.”

“ಮತ್ತೆ ದೀಕ್ಷಾಸ್ನಾನ ಯಾಕೆ ತಗೊಳ್ತೀಯ?”

“ನಿಮ್ಮ ಹುಡುಗಿಗೋಸ್ಕರ. ನೀವು ಬ್ಯಾಡ ಅಂದ್ರೆ ಬಿಡ್ತೀನಿ.”

ಪಾಪ, ಸುಳ್ಳು ಬಾರದ ಹುಡುಗ. ಅವನು ಹೋದ ಮೇಲೆ ಬೈಬಲ್ಲು ತೆರೆದು ನಿನ್ನ ಕಾಗದವನ್ನು ಮತ್ತೆ ಓದಿದೆ.

ಮೂರನೆಯ ಭಾನುವಾರ ಪಾದ್ರಿ ಅಯ್ಯನವರು ಹೆಸರು ಓದಿ, ಅಡ್ಡಿಯಿದ್ದವರು ಈಗಲೇ ಹೇಳಬೇಕು ಎಂದು ಪುಸ್ತಕ ಮುಚ್ಚುವುದರಲ್ಲಿದ್ದರು. ಇಷ್ಟು ವರ್ಷಗಳಲ್ಲಿ ಆ ಮಾತಿಗೆ ಯಾರೂ ಬಾಯಿ ತೆರೆದದ್ದಿಲ್ಲ. ನಾನು ಎದ್ದು ನಿಂತೆ.

“ತಲೆ ಸುತ್ತುತ್ತಾ ಸಮಾಧಾನಮ್ಮ?” ಎಂದರು ಅಯ್ಯನವರು.

“ತಲೆ ನೆಟ್ಟಗಿದೆ ಅಯ್ಯನೋರೆ. ಅಡ್ಡಿ ಇದೆ. ಹುಡುಗಿಗೆ ಒಪ್ಪಿಗೆ ಇಲ್ಲ. ಅವಳ ಕಾಗದ ಇಲ್ಲೇ ಬೈಬಲ್ಲಾಗೈತೆ, ಓದ್ಲಾ?”

ಜಯಶೀಲ ಸೆರಗು ಜಗ್ಗಿದ. “ಅವ್ವಾ, ಕೂತ್ಕೊ. ಮಾನ ಹೋಗ್ತದೆ.”

“ನಿನ್ನ ಮಾನ ನಾಕು ದಿನಕ್ಕೆ ವಾಪಸ್ ಬರ್ತದೆ, ಸುಮ್ನಿರೋ” ಎಂದೆ. ಅಯ್ಯನವರು ಬರೆದ ಹೆಸರಿನ ಮೇಲೆ ಗೀಟು ಎಳೆದರು.

ಸೋಮವಾರ ಇದ್ದಿಲು ಉರಿಸಿ ಓಡಿಸುವ ಬಸ್ಸು ಹತ್ತಿ ನಾನೇ ವಿಜಯಪುರಕ್ಕೆ ಹೋದೆ, ಬೈಸಿಕೊಳ್ಳಲು ಸಿದ್ಧಳಾಗಿ. ಹುಡುಗನ ತಾಯಿ ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆಮೇಲೆ, “ನಮ್ಮನೆ ದೇವ್ರಿಗೆ ಮುಂದೆ ದೀಪ ಹಚ್ಚೋರ್ಯಾರು ಅಂತ ನಂಗೆ ಊಟಾನೇ ಸೇರ್ತಿರ್ಲಿಲ್ಲ ಕಣಕ್ಕಾ. ಮಗ ಆಸೆಪಟ್ಟ ಅಂತ ಬಾಯಿ ಮುಚ್ಕೊಂಡಿದ್ದೆ” ಎಂದು ನನಗೂ ಬಡಿಸಿ ತಾನೂ ಉಂಡಳು. ಬೈರಣ್ಣ ಮಂಕಾಗಿದ್ದ. ಆದರೂ ನನ್ನ ಚೀಲ ಹಿಡಿದು ಬಸ್ಸಿನವರೆಗೆ ಬಂದ. “ಅವ್ವ ಉಂಡ್ಲಲ್ಲ, ಬಿಡಿ ಅಜ್ಜಿ” ಎಂದ. ಎದೆಯ ಮೇಲಿನ ಬೀಸುಕಲ್ಲು ಇಳಿಸಿದಂತಾಯಿತು.

ಇನ್ನು ನಿನಗೆ ಯಾರ ಒತ್ತಾಯವೂ ಇಲ್ಲ. ಜೊತೆಗೆ ಪ್ರಾರ್ಥಿಸುವವನು ಸಿಕ್ಕಾಗ ಬರೆ. ಹಾಡಲು ಬಾರದಿದ್ದರೂ ಚಿಂತೆಯಿಲ್ಲ, ಅಯ್ಯನವರ ಪ್ರಸಂಗದ ನಡುವೆ ಗೊರಕೆ ಹೊಡೆಯದಿದ್ದರೆ ಸಾಕು. ನೀನು ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡುವಂತಾಗಲಿ.

ನಿನ್ನ ಅಜ್ಜಿ
ಸಮಾಧಾನಮ್ಮ

ಇನ್ನೊಂದು ಮಾತು: ಮರೆತಿದ್ದೆ ಎನ್ನಲಾರೆ, ಬೇಕೆಂದೇ ಕೊನೆಗೆ ಉಳಿಸಿದೆ. ನಿನ್ನ ತಾತನೂ ನನಗೋಸ್ಕರವೇ ದೀಕ್ಷಾಸ್ನಾನ ತೆಗೆದುಕೊಂಡವರು. ಒಂದು ದಿನವೂ ಗದರಿದವರಲ್ಲ. ನಿನ್ನ ತಾಯಿಗಿಂತ ಮುಂಚೆ ನನಗೊಂದು ಹೆಣ್ಣು ಕೂಸಿತ್ತು, ಹನ್ನೊಂದು ತಿಂಗಳಿಗೆ ಹೋಯಿತು. ಅವತ್ತು ಚರ್ಚಿನೊಳಗೆ ಮೊಣಕಾಲೂರಿ, ಬನ್ನಿ ಎಂದು ಕರೆದೆ. ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು. “ನಂಗೇನು ಹೇಳ್ಬೇಕೋ ತಿಳೀದು ಕಣೇ, ನೀನೇ ಹೇಳ್ಬಿಡು” ಎಂದರು. ಒಬ್ಬಳೇ ಹೇಳಿದೆ. ಆ ಕೂಸಿನ ಹೆಸರನ್ನೇ ನಿನಗೆ ಇಟ್ಟಿದ್ದೇನೆ.