ಅಮಾವಾಸ್ಯೆಯ ಮಾರವಾ

೨೨ ಆಗಸ್ಟ್ ೧೯೭೯, ಬುಧವಾರ
ಶ್ರಾವಣ ಅಮಾವಾಸ್ಯೆ. ಊರೆಲ್ಲ ಮಗ್ಗ ಬಂದ್. ಇಳಕಲ್ಲಿನಲ್ಲಿ ಗಾಯನ ಕೇಳಬೇಕೆಂದರೆ ತಿಂಗಳಿಗೆ ಇದೊಂದೇ ದಿನ. ಉಳಿದ ದಿನ ಓಣಿ ತುಂಬ ಲಟಕ್ ಪಟಕ್.

ತಯಾರಿ ಎಂದಿನಂತೆ. ಕಿಟಕಿಗೆ ಹಳೆ ಕೌದಿ. ಗಡಿಯಾರದ ಲೋಲಕ ಹಿಡಿದು ನಿಲ್ಲಿಸಿದೆ. ಎಲ್‌ಪಿ ರೆಕಾರ್ಡ್ ಒರೆಸಲು ರೇಷ್ಮೆ ಚಿಂದಿ. ಹೊತ್ತು ಮುಳುಗುವಾಗ ಸೂಜಿ ಇಟ್ಟೆ. ಮಾರವಾ ಸಂಜೆಯ ರಾಗ. ಬೆಳಿಗ್ಗೆ ಕೇಳುವವನು ಕತ್ತೆ. ರಿಷಭದ ಮೇಲೆ ನಿಂತು ಕಾಡಿಸುತ್ತದೆ, ಸ್ವರಗಳ ಮನೆಯಾದ ಷಡ್ಜಕ್ಕೆ ಬೇಗ ಇಳಿಯುವುದೇ ಇಲ್ಲ. ಅದೇ ಅದರ ರುಚಿ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕಾಳವ್ವ ರೊಟ್ಟಿ ಬಡಿಯಲು ಶುರು. ಹೆಂಡತಿಯೋ, ತಬಲಾದವಳೋ! ಹೋಗಿ ಗದರಿದೆ.

"ಹೊಟ್ಟಿಗೆ ರಾಗಾನ ತಿಂತೀರೇನ್ರಿ?" ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಮೂಡ್ ಹೋಯಿತು.

೧೬ ಫೆಬ್ರವರಿ ೧೯೮೦, ಶನಿವಾರ
ಇಂಥ ದಿನ ಮತ್ತೆ ಬಾರದು. ಅಮಾವಾಸ್ಯೆ, ಅದರ ಮೇಲೆ ಖಗ್ರಾಸ ಗ್ರಹಣ. ಮಧ್ಯಾಹ್ನ ಮೂರೂ ಮುಕ್ಕಾಲಿಗೇ ಸಂಜೆ. ಜನ ಬಾಗಿಲು ಹಾಕಿಕೊಂಡು ಒಳಗೆ. ಒಲೆ ಇಲ್ಲ, ರೊಟ್ಟಿ ಇಲ್ಲ. ನಾಯಿ ಕೂಡ ಸುಮ್ಮನೆ.

ಸೂಜಿ ಇಡುವಾಗ ಕಾಳವ್ವ ಬಾಗಿಲಲ್ಲಿ. "ಕತ್ತಲಾದ್ರ ಅಂಜಿಕಿ ಆಗತೈತ್ರಿ. ನಾನೂ ಕೂಡ್ಲೇನು? ಸಪ್ಪಳ ಮಾಡಂಗಿಲ್ಲ."

ಕೈತುಂಬ ಹಸಿರು ಬಳೆ. ಅವು ಸುಮ್ಮನಿರುತ್ತವೆಯೇ? "ಮುಂದಿನ ಅಮಾಸಿಗೆ ಕೂಡುವಂತಿ" ಎಂದು ಬಾಗಿಲು ಮುಂದೆ ಮಾಡಿದೆ. ಸ್ವಲ್ಪ ಹೊತ್ತು ಆಚೆ ಬಳೆ ಸಪ್ಪಳ... ಆಮೇಲೆ ಇಲ್ಲ.

ಇಪ್ಪತ್ತು ನಿಮಿಷ. ಜೀವ ತಂಪಾಯಿತು.

೩೧ ಜುಲೈ ೧೯೮೧
ಕಾಳವ್ವನ ಕೈಮಗ್ಗ ತೆಗೆಸಿ, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಹಾಕಿಸಿದ್ದಾಯಿತು. ಅವಳೇ ನೋಡಿಕೊಳ್ಳುತ್ತಾಳೆ. ನನಗೆ ಪೇಟೆಯ ಸೀರೆ ಅಂಗಡಿ. ಶೆಡ್ಡಿಗೆ ಹೋಗುವುದಾದರೆ ಕಿವಿಗೆ ಅರಳೆ ತುರುಕಿಕೊಂಡು ಹೋಗುತ್ತೇನೆ. ಕಿವಿ ಕೆಟ್ಟರೆ ಸೂಕ್ಷ್ಮ ಸ್ವರ ತಿಳಿಯುವುದು ಹೇಗೆ?

ಕರೆಂಟ್ ಹೋದರೆ ಊರು ಶಾಂತ. ಆದರೆ ಪ್ಲೇಯರೂ ಶಾಂತ! ಕಡೆಗೆ ಅಮಾವಾಸ್ಯೆಯೇ ಗತಿ.

೨೨ ನವೆಂಬರ್ ೧೯೮೪, ಅಮಾವಾಸ್ಯೆ
ಬೇಕೆಂದೇ ಮಾಡುತ್ತಾಳೆ. ಆಲಾಪದ ನಡುವೆ ತಾಟು ಧಡಾರ್. ಮೂರು ಸಲ ಕೂಗಿದೆ. ಓ ಅನ್ನಲಿಲ್ಲ. ಎದುರು ಹೋಗಿ ನಿಂತರೆ ಬೆಚ್ಚಿಬಿದ್ದಳು.

"ಯಾಕ ಒದರತೀರಿ? ಇಲ್ಲೇ ಅದೀನಲ್ರೀ!" — ತಾನೇ ಓಣಿಗೆಲ್ಲ ಕೇಳುವಂತೆ ಒದರಿದಳು.

ಮಾತು ಬಿಟ್ಟಿದ್ದೇನೆ.

೨೫ ನವೆಂಬರ್
ಮಾತು ಬಿಟ್ಟು ಮೂರು ದಿನ. ಅವಳಿಗೆ ಗೊತ್ತಾದಂತೆಯೇ ಇಲ್ಲ.

೨೯ ಮಾರ್ಚ್ ೧೯೮೭, ಯುಗಾದಿ ಅಮಾವಾಸ್ಯೆ. ರಾತ್ರಿ ೮
ಪಕ್ಕದ ರೇಡಿಯೊ ರಿಪೇರಿಯ ಮುರ್ತುಜಸಾಬ ಹೊಸ ಸೂಜಿ ಹಾಕಲು ಬಂದಿದ್ದ. ಹೋಗುವಾಗ ಅಂದ — "ಗ್ರಹಣ ಆದ ವರ್ಷ ಅಕ್ಕಾರು ಮಗ್ಗದಾಗ ಕುಂತು ನಿಮ್ಮ ಪ್ಲೇಟಿನ ಹಾಡು ಗುಣುಗುಣು ಅಂತಿದ್ರು. ನಮ್ಮ ಅಂಗಡಿತನಾ ಕೇಳಸ್ತಿತ್ತು. ಏನ್ ಸುರ ಅಂತೀರಿ! ಈಗ್ಯಾಕ ಹಾಡಂಗಿಲ್ಲ?"

ಬಾಗಿಲ ಹಿಂದೆ ನಿಂತು ಕಲಿತಿದ್ದಳು. ಅವಳಿಗೆ ಹೇಳಿದ ಆ 'ಮುಂದಿನ ಅಮಾಸಿ' ಏಳು ವರ್ಷವಾದರೂ ಬಂದಿಲ್ಲ.

ಕೌದಿ ಕಟ್ಟಿದೆ. ಗಡಿಯಾರ ನಿಲ್ಲಿಸಿದೆ. ಕೈ ಹಿಡಿದು ಕರೆತಂದು ನನ್ನ ಕುರ್ಚಿಯಲ್ಲೇ ಕೂಡಿಸಿದೆ. ಸೂಜಿ ಇಟ್ಟೆ. ಹೊಸ ಸೂಜಿ — ಎಂಥ ಆಲಾಪ! ಕಾಳವ್ವ ಸಪ್ಪಳಾಗಬಾರದೆಂದು ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ತಿರುಗುವ ತಟ್ಟೆಯನ್ನೇ ನೋಡುತ್ತಿದ್ದಳು. ಐದು ನಿಮಿಷ. ಹತ್ತು ನಿಮಿಷ.

ಆಮೇಲೆ ಕೇಳಿದಳು: "ಹಾಡು ಯಾವಾಗ ಶುರು ಆಗತೈತ್ರಿ?"

೨ ಏಪ್ರಿಲ್
ಬಾಗಲಕೋಟೆ ದವಾಖಾನೆಗೆ ಹೋಗಿ ಬಂದೆವು. ಡಾಕ್ಟರು ಅಂದರು: "ಮಗ್ಗದ ಸಪ್ಪಳಕ್ಕ ಆಗೇದ್ರಿ. ಇದು ಒಂದ ದಿನದಾಗ ಆಗೂದಲ್ಲ. ಮನ್ಯಾಗ ಯಾರಿಗೂ ತಿಳೀಲಿಲ್ಲೇನು?"

ನಾನು, ಕೂದಲೆಳೆಯಷ್ಟು ಸ್ವರ ಜಾರಿದರೂ ಹಿಡಿಯುವ ಕಿವಿ ನನ್ನದು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ಕಿವಿಗೆ ಅರಳೆ ಇಟ್ಟುಕೊಂಡು ಅವಳನ್ನು ಆ ಶೆಡ್ಡಿಗೆ ಹಾಕಿದವನು. ತಪ್ಪು ನನ್ನದು. ನನ್ನದೇ.

ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕೊಡಿಸಿದೆ. "ಮೊದಲ ಯಾಕ ಹೇಳಲಿಲ್ಲ?" ಎಂದು ಕೂಗಿದೆ. ಬಸ್ಸೆಲ್ಲ ತಿರುಗಿ ನೋಡಿತು. ಅವಳು ಮಾತ್ರ ನನ್ನ ತುಟಿ ನೋಡಿದಳು. "ನೀವು ಸಪ್ಪಳಕ್ಕ ಸಿಟ್ಟಾಗತೀರಿ. ಅದಕ್ಕ ಮೆಲ್ಲಕ ಮಾತಾಡ್ತೀರಿ ಅನಕೊಂಡಿದ್ನಿ" ಅಂದಳು.

೨೭ ಏಪ್ರಿಲ್, ಅಮಾವಾಸ್ಯೆ. ಸಂಜೆ
ಎಲ್‌ಪಿ ಹಚ್ಚಲಿಲ್ಲ. ಕೌದಿ ಕಟ್ಟಲಿಲ್ಲ. ಗಡಿಯಾರ ಹೊಡೆಯುತ್ತಿದೆ, ಹೊಡೆಯಲಿ.

ಕಾಳವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಬಡಿಯುತ್ತಲೇ ಏನೋ ಗುನುಗು... ಮಾರವಾ. ಅದೇ ಆಲಾಪ. ಸುರ ಜಾರಿದೆ. ತಿದ್ದಿಕೊಳ್ಳಲು ಅವಳಿಗೆ ಕಿವಿಯಿಲ್ಲ, ಹೇಳಲು ನನಗೆ ಬಾಯಿಲ್ಲ.

ಹೋಗಿ ಅಡುಗೆಮನೆಯ ಬಾಗಿಲ ಹಿಂದೆ ಕೂತೆ. ಅಲ್ಲಿಂದಲೇ ಬರೆಯುತ್ತಿದ್ದೇನೆ. ಈಗ ರಿಷಭದ ಮೇಲೆ ನಿಂತಿದ್ದಾಳೆ. ಬಿಡುತ್ತಿಲ್ಲ. ಇನ್ನೇನು ಷಡ್ಜಕ್ಕೆ —